ಹೊಸಹಳ್ಳಿಯ ಕೆಂಪಿ ಯಾರ ನಾಯಿ

ಹೊಸಹಳ್ಳಿಯ ಅಂಜನಮ್ಮ ಸುಳ್ಳು ಹೇಳುತ್ತಿರಲಿಲ್ಲ ಎಂದ ಕೂಡಲೇ ಅವಳೊಬ್ಬ ಮಹಾ ಸಾಧ್ವಿ ಎಂದುಕೊಳ್ಳಬೇಡಿ. ನಿನ್ನೆಯ ದಂಟಿನ ಸೊಪ್ಪಿಗೆ ನೀರು ಚಿಮುಕಿಸಿ, “ಈಗ ಕಿತ್ಕೊಂಡ್ ಬಂದೆ ಕಣ್ರವ್ವ, ಇಬ್ಬನಿ ಇನ್ನೂ ಹಂಗೇ ಐತೆ” ಎಂದು ಮಾರಿದ್ದಕ್ಕೆ ಬಸವೇಶ್ವರನಗರದ ಅರ್ಧ ಗೃಹಿಣಿಯರು ಸಾಕ್ಷಿ. ವ್ಯಾಪಾರವೆಂದರೆ ಹಾಗೆಯೇ, ಅಷ್ಟೂ ಇಲ್ಲದಿದ್ದರೆ ಸೊಪ್ಪು ಮಾರಿ ಹೊಟ್ಟೆ ಹೊರೆಯುವುದು ಹೇಗೆ? ಆದರೆ ಒಂದೇ ಒಂದು ವಿಷಯದಲ್ಲಿ ಅವಳ ನಾಲಿಗೆ ಸುಳ್ಳಿಗೆ ಹೊರಳುತ್ತಿರಲಿಲ್ಲ. ಆ ವಿಷಯ ನಾಯಿ.

ಅಂಜನಮ್ಮ ಹುಟ್ಟಿದ್ದು ಮಲ್ಲತ್ತಹಳ್ಳಿ ಕೆರೆಯ ಕೆಳಗೆ. ಹದಿನಾಲ್ಕು ತುಂಬುವಷ್ಟರಲ್ಲಿ ಹೊಸಹಳ್ಳಿಯ ಹನುಮಯ್ಯನ ಕೈಹಿಡಿದು ಬಂದಳು. ಆಗ ಹೊಸಹಳ್ಳಿ ನಿಜಕ್ಕೂ ಹಳ್ಳಿಯೇ. ಸುತ್ತ ರಾಗಿ ಹೊಲ, ಅವರೆ ಸಾಲು. ಹನುಮಯ್ಯನ ಮನೆ ಮೈಲಾರಲಿಂಗನ ಒಕ್ಕಲು, ಅವನು ಗೊರವಯ್ಯ. ಭಾನುವಾರ ಬಂತೆಂದರೆ ಕರಿಕಂಬಳಿಯ ನಿಲುವಂಗಿ ತೊಟ್ಟು, ಹಣೆತುಂಬ ಅರಿಶಿನದ ಭಂಡಾರ ಬಳಿದುಕೊಂಡು, ಡಮರು ಬಾರಿಸುತ್ತ ಮನೆಮನೆ ತಿರುಗುತ್ತಿದ್ದ. ವರ್ಷಕ್ಕೊಮ್ಮೆ ದೇವರ ಪರುವಿನಲ್ಲಿ ಗೊರವರೆಲ್ಲ ಸ್ವಾಮಿಯ ನಾಯಿಗಳಾಗುತ್ತಿದ್ದರು. ಮಂಡಿಯೂರಿ, ಬೊಗಳಿ, ಒಬ್ಬರ ಮೇಲೊಬ್ಬರು ಗುರುಗುಟ್ಟಿ, ದೋಣಿ ಎಂಬ ಬಟ್ಟಲಿಗೆ ಸುರಿದ ಹಾಲು ತುಪ್ಪ ಬಾಳೆಹಣ್ಣನ್ನು ಕೈ ಮುಟ್ಟಿಸದೆ ಬಾಯಿಂದಲೇ ಉಣ್ಣುತ್ತಿದ್ದರು. ಗಂಡ ಬೊಗಳುವುದನ್ನು ಕಂಡು ಹೊಸ ಮದುವಣಗಿತ್ತಿ ಕಿಸಕ್ಕನೆ ನಕ್ಕಳು. ಅತ್ತೆ ಅವಳ ಕಿವಿ ಹಿಂಡಿ ಆ ಮನೆಯ ಕಟ್ಟಳೆಯನ್ನು ಹೇಳಿಕೊಟ್ಟಳು. ನಾಯಿ ಸ್ವಾಮಿಯದು. ಅದರ ಕೊರಳಿಗೆ ಹಗ್ಗ ಹಾಕಬಾರದು. ಭಾನುವಾರದ ಮೊದಲ ಮುದ್ದೆ ಅದಕ್ಕೇ. ಯಾರು ಕೇಳಿದರೂ, ಏನು ಕಷ್ಟ ಬಂದರೂ, ನಾಯಿಯನ್ನು ‘ನನ್ನದು’ ಎಂದು ಬಾಯಿಬಿಟ್ಟು ಹೇಳಬಾರದು.

ಹಿಂಡಿದ ಕಿವಿಯ ನೋವು ಒಂದು ದಿನ ಇತ್ತು. ಕಟ್ಟಳೆ ಜೀವಮಾನಕ್ಕೆ ಉಳಿಯಿತು.

ಆಮೇಲಿನ ಕತೆ ಆ ಕಡೆಯ ಎಲ್ಲರ ಮನೆಯ ಕತೆಯೇ. ಬಡಾವಣೆ ಬಂತು. ಹೊಲಕ್ಕೆ ಕಲ್ಲು ನೆಟ್ಟರು, ಹೊಲ ಸೈಟುಗಳಾದವು, ಅವರೆ ಸಾಲಿದ್ದಲ್ಲಿ ವಿಜಯನಗರದ ಕಾಂಪೌಂಡು ಗೋಡೆಗಳು ಎದ್ದವು. ಹೊಸಹಳ್ಳಿ ಅವುಗಳ ನಡುವೆ ಎರಡು ಬೀದಿಗೆ ಮುದುಡಿ ಉಳಿಯಿತು. ಹೊಲವಿಲ್ಲದ ಹನುಮಯ್ಯ ಒಂದೆರಡು ವರ್ಷ ಬರಿಗೈಯಲ್ಲಿ ಜಗಲಿ ಕಾದು, ಒಂದು ಜ್ವರಕ್ಕೆ ಹೊರಟುಹೋದ. ಮಕ್ಕಳಿರಲಿಲ್ಲ. ತಿಂಗಳ ಸೂತಕ ಮುಗಿಸಿದ ಅಂಜನಮ್ಮ ಮಾರನೆಯ ಬೆಳಿಗ್ಗೆ ಮಲ್ಲತ್ತಹಳ್ಳಿ ಕೆರೆಯಂಗಳಕ್ಕೆ ಹೋಗಿ ಹೊನಗೊನ್ನೆ, ಅಣ್ಣೆ, ಕೀರೆ ಎಂದು ಸಿಕ್ಕಿದ ಬೆರಕೆ ಸೊಪ್ಪು ಕಿತ್ತು, ಕುಕ್ಕೆಗೆ ತುಂಬಿ ತಲೆಯ ಮೇಲಿಟ್ಟುಕೊಂಡಳು. “ಸೊಪ್ಪೋ ಸೊಪ್ಪೂ...” ಎಂಬ ಅವಳ ಕೂಗಿಗೆ ಮೂರು ಬಡಾವಣೆಯ ನಾಯಿಗಳು ಬಾಲ ಅಲ್ಲಾಡಿಸುತ್ತಿದ್ದವು. ಯಾವ ಮನೆಯಲ್ಲಿ ಯಾವ ನಾಯಿ, ಅದಕ್ಕೆ ಏನು ಹಾಕುತ್ತಾರೆ, ಯಾರು ಒದೆಯುತ್ತಾರೆ ಎಂಬುದೆಲ್ಲ ಅವಳಿಗೆ ಅಂಗೈ ಗೆರೆಯಷ್ಟು ಪರಿಚಿತ.

ಆಗ ಅವಳ ಬೀದಿಯಲ್ಲಿದ್ದದ್ದು ಬೂದ. ಬೂದಿ ಬಣ್ಣದ, ಒಂದು ಕಿವಿ ಮಡಚಿದ, ಯಾರ ತಂಟೆಗೂ ಹೋಗದ ನಾಯಿ. ಬೀದಿಯ ಹದಿನೇಳು ಮನೆಯಲ್ಲೂ ತಂಗಳು ತಿಂದು, ಹದಿನೇಳು ಮನೆಯನ್ನೂ ಕಾಯುತ್ತಿತ್ತು. ಎಂಬತ್ತಮೂರನೇ ಇಸವಿಯ ಒಂದು ಬೆಳಿಗ್ಗೆ ನಾಯಿ ಹಿಡಿಯುವ ವ್ಯಾನು ಬಂತು. ಹಿಂದುಗಡೆ ಕಬ್ಬಿಣದ ಪಂಜರ, ಕೈಯಲ್ಲಿ ಉದ್ದ ಕೋಲಿಗೆ ತಂತಿಯ ಕುಣಿಕೆ. ಕೊರಳಲ್ಲಿ ಲೈಸೆನ್ಸಿನ ಬಿಲ್ಲೆ ಇಲ್ಲದ ನಾಯಿಗಳನ್ನೆಲ್ಲ ಒಯ್ದು ಕೊಲ್ಲುತ್ತಾರೆಂಬುದು ಊರಿಗೆಲ್ಲ ಗೊತ್ತಿದ್ದ ವಿಚಾರ. ಕುಣಿಕೆ ಹಾಕುವವನ ಹೆಸರು ಮುನಿಯಪ್ಪ. ಬೂದ ಓಡಲೂ ಇಲ್ಲ. ಕುಣಿಕೆ ಬಿದ್ದ ಮೇಲೆ ಅಂಜನಮ್ಮನ ಹೊಸಿಲ ಕಡೆ ನೋಡುತ್ತ ನಿಂತಿತು.

ಮುನಿಯಪ್ಪ ಆ ನೋಟವನ್ನು ಕಂಡ. ಒಳ್ಳೆಯ ಮನುಷ್ಯ. ಎಳೆಯುವುದನ್ನು ನಿಲ್ಲಿಸಿ ಕೇಳಿದ: “ಅಮ್ಮಾ, ಇದು ನಿಮ್ದಾ? ನಿಮ್ದು ಅಂದ್ರೆ ಬಿಟ್ಟು ಹೋಗ್ತೀನಿ. ಆಮೇಲೆ ಲೈಸೆನ್ಸ್ ಮಾಡಿಸ್ಕೊಳ್ಳಿ.”

ಒಂದು ಮಾತು ಸಾಕಾಗಿತ್ತು. ಸೊಪ್ಪಿನ ಮೇಲಿನ ನೀರನ್ನು ಇಬ್ಬನಿ ಎಂದ ಬಾಯಿಗೆ ಅದೇನು ದೊಡ್ಡ ಕೆಲಸವೇ? ಆದರೆ ಅಂಜನಮ್ಮನ ಬಾಯಿಂದ ತಾನಾಗಿ ಬಂದದ್ದು ಅತ್ತೆ ಹಿಂಡಿದ ಕಿವಿಯ ಮಾತು: “ನಮ್ದಲ್ಲ ಕಣಪ್ಪ. ಸಾಮಿದು.”

“ಯಾವ ಸ್ವಾಮಿ? ಯಾವ ಮನೆ?”

“ಮೈಲಾರಲಿಂಗ ಸಾಮಿದು.”

ವ್ಯಾನಿನ ಡ್ರೈವರು ನಕ್ಕ. ಮುನಿಯಪ್ಪ ನಗಲಿಲ್ಲ, ಇನ್ನೊಮ್ಮೆ ಕೇಳಿದ. ಅಂಜನಮ್ಮ ಇನ್ನೊಮ್ಮೆ ಅದನ್ನೇ ಹೇಳಿದಳು. ಎದುರು ಮನೆಯ ರಾಮಕ್ಕ ಬೂದನಿಗೆ ದಿನಾ ಅನ್ನದ ಗಂಜಿ ಹಾಕುತ್ತಿದ್ದವಳು, ಅವಳು ತಣ್ಣಗೆ ಬಾಗಿಲು ಹಾಕಿಕೊಂಡಳು. ಮಿಕ್ಕ ಬಾಗಿಲುಗಳೂ ಒಂದೊಂದಾಗಿ ಮುಚ್ಚಿದವು. ತಾನು ಆಡಿದ ಮಾತಿನ ಅರ್ಥ ಅಂಜನಮ್ಮನಿಗೆ ತಿಳಿದದ್ದು ಪಂಜರದ ಬಾಗಿಲು ದಡಾರನೆ ಬಿದ್ದಾಗ. ವ್ಯಾನಿನ ಹಿಂದೆ ಓಡಿದಳು. ಕೇಳಿ ಕೇಳಿ ಹಿಡಿದ ನಾಯಿಗಳನ್ನು ಕೂಡಿಹಾಕುವ ದೊಡ್ಡಿಯ ವಿಳಾಸ ಹುಡುಕಿಕೊಂಡು ಹೋಗುವಷ್ಟರಲ್ಲಿ ಬೂದ ಇರಲಿಲ್ಲ.

ನಿಜ ಹೇಳಿ ಒಂದು ಜೀವ ಕಳೆದೆ ಎಂದು ಅವಳು ಮೂರು ದಿನ ಒಲೆ ಹಚ್ಚಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಇನ್ನು ಮೇಲೆ ಸುಳ್ಳು ಹೇಳೋಣ ಎಂದು ತೀರ್ಮಾನಿಸುತ್ತಿದ್ದರು. ಹೆಣ್ಣುಮಗಳ ಹಟ ನೋಡಿ, ನಾಲ್ಕನೆಯ ದಿನ ಅವಳು ಎದ್ದದ್ದು ಬೇರೆಯೇ ಸಿಟ್ಟಿನಿಂದ. ನನ್ನ ಉತ್ತರದಲ್ಲಿ ಏನೂ ತಪ್ಪಿಲ್ಲ, ಅವರು ಕೇಳಿದ ಪ್ರಶ್ನೆಯೇ ತಪ್ಪು. ಒಂದು ಪ್ರಾಣಿ ಬದುಕಬೇಕೋ ಸಾಯಬೇಕೋ ಎಂಬುದಕ್ಕೆ ಅದು ಯಾರದು ಎಂದು ಯಾಕೆ ಕೇಳಬೇಕು?

ಅದೇ ವರ್ಷ ಬೀದಿಗೆ ಕೆಂಪಿ ಬಂತು. ಮೂಳೆಚಕ್ಕಳದ ಕೆಂಚು ಮರಿ. ಅಂಜನಮ್ಮ ಅದಕ್ಕೆ ಹೆಸರಿಟ್ಟಳು, ಮುದ್ದೆ ಹಾಕಿದಳು, ಹಗ್ಗ ಮಾತ್ರ ಹಾಕಲಿಲ್ಲ.

ಮೂರು ವರ್ಷ ಕಳೆಯಿತು. ಬಸವೇಶ್ವರನಗರದಲ್ಲಿ ಸತ್ಯವತಿ ಎಂಬ ಕಾಲೇಜಿನ ಪ್ರಾಣಿಶಾಸ್ತ್ರದ ಲೆಕ್ಚರರ್ ಇದ್ದರು. ಸೊಪ್ಪಿನವಳನ್ನು ಆ ಬಡಾವಣೆಯಲ್ಲೆಲ್ಲ ‘ನೀವು’ ಎನ್ನುತ್ತಿದ್ದದ್ದು ಅವರೊಬ್ಬರೇ. ಅದಕ್ಕಾಗಿ ಅಂಜನಮ್ಮ ಅವರಿಗೆ ಮಾತ್ರ ನಿನ್ನೆಯ ಸೊಪ್ಪು ಕೊಡುತ್ತಿರಲಿಲ್ಲ. ಎಂಬತ್ತಾರರ ಒಂದು ದಿನ ಅವರು ಪತ್ರಿಕೆ ಹಿಡಿದು ಗೇಟಿನ ಬಳಿಯೇ ಕಾದಿದ್ದರು.

“ಅಂಜನಮ್ಮ, ಒಳಗೆ ಬನ್ನಿ. ಸಾಕುಪ್ರಾಣಿಗಳ ಹಿತಕ್ಕೆ ಅಂತ ರಾಜ್ಯ ಸರ್ಕಾರ ಹೊಸ ಕಾನೂನು ತರ್ತಾ ಇದೆ. ಇನ್ನೂ ಕರಡು. ಜನರ ಅಭಿಪ್ರಾಯ ಕೇಳ್ತಿದಾರೆ.”

ಒಂದೊಂದೇ ಓದಿ ಹೇಳಿದರು. ಸಾಕಿದ ನಾಯಿಯನ್ನು ಉಪವಾಸ ಕೆಡವಬಾರದು. ಬಾಲ, ಕಿವಿ ಕತ್ತರಿಸಬಾರದು. ಸಾಕಿ ಬೀದಿಗೆ ಬಿಟ್ಟವರಿಗೆ ಶಿಕ್ಷೆ. ವಿಷ ಹಾಕಿದರೆ ಜೈಲು. ಅಂಜನಮ್ಮ ಕುಕ್ಕೆ ಇಳಿಸಿ ಕುಳಿತಳು. ಪ್ರತಿಯೊಂದಕ್ಕೂ “ಇದು ಸರಿ, ಇದು ಸರಿ” ಎಂದು ತಲೆಯಾಡಿಸಿದಳು. ಸರ್ಕಾರಕ್ಕೂ ಒಂದೊಂದು ಸಲ ಬುದ್ಧಿ ಬರುತ್ತದೆ ಎಂದುಕೊಂಡಳು.

“ಈಗ ಇದನ್ನ ಕೇಳಿ,” ಎಂದರು ಸತ್ಯವತಿ. ಅವರ ದನಿ ಸಣ್ಣಗಾಗಿತ್ತು. “ಸಾಕುಪ್ರಾಣಿ ಎಂದರೆ ಲೈಸೆನ್ಸು ಪಡೆದ ಒಬ್ಬ ಮಾಲೀಕನ ಸುಪರ್ದಿನಲ್ಲಿರುವ ಪ್ರಾಣಿ. ಮಾಲೀಕರಿಲ್ಲದ ಪ್ರಾಣಿಗಳನ್ನು ಹಿಡಿದು ವಿಲೇವಾರಿ ಮಾಡತಕ್ಕದ್ದು.”

“ಇಲೇವಾರಿ ಅಂದ್ರೆ?”

ಸತ್ಯವತಿ ಪತ್ರಿಕೆ ಮಡಚಿಟ್ಟರು. ಅಂಜನಮ್ಮನಿಗೆ ಬೂದನನ್ನು ಒಯ್ದ ಪಂಜರ ನೆನಪಾಯಿತು.

“ಅಂದ್ರೆ ಮೇಲಿಂದೆಲ್ಲಾ ಕೆಂಪಿಗಲ್ಲ,” ಎಂದಳು. “ಅನ್ನ ಹಾಕ್ಬೇಕು, ವಿಷ ಹಾಕ್ಬಾರ್ದು ಅನ್ನೋದೆಲ್ಲಾ ಮಾಲೀಕ ಇರೋ ನಾಯಿಗೆ. ಇಲ್ದೇ ಇರೋದಕ್ಕೆ ಕುಣಿಕೆ.”

“ನೀವು ಒಂದು ಲೈಸೆನ್ಸ್ ಮಾಡಿಸಿಬಿಡಿ. ನಾನೇ ಅರ್ಜಿ ಬರ್ಕೊಡ್ತೀನಿ. ಕತ್ತಿಗೊಂದು ಪಟ್ಟಿ, ಒಂದು ಬಿಲ್ಲೆ. ನಿಮ್ಮದು ಅಂತ ಒಂದು ಸಹಿ, ಅಷ್ಟೇ. ಕೆಂಪಿ ಉಳ್ಕೊಳ್ಳತ್ತೆ.”

“ನಂದಲ್ವಲ್ಲವ್ವ.”

“ಬೂದನ ಗತಿ ಏನಾಯ್ತು ಮರೆತ್ರಾ?”

ಅಂಜನಮ್ಮ ತುಂಬ ಹೊತ್ತು ಸೊಪ್ಪಿನ ಕಂತೆ ಬಿಚ್ಚಿ ಕಟ್ಟಿ ಮಾಡುತ್ತಿದ್ದಳು. ಆಮೇಲೆ ಎದ್ದು ಸಿಂಬಿ ಸುತ್ತಿ, “ಆ ಅಭಿಪ್ರಾಯ ಎಲ್ಲಿ ಕೇಳ್ತಾರೆ ಅಂದ್ರಿ?” ಎಂದಳು.

ಕೇಳುತ್ತಿದ್ದದ್ದು ರಾಜಾಜಿನಗರದ ಒಂದು ಕಲ್ಯಾಣಮಂಟಪದಲ್ಲಿ. ಮದುವೆಯ ದಿನ ವಧೂವರರು ಕೂರುವಲ್ಲಿ ಅಂದು ಸಮಿತಿಯ ಐದು ಜನ ಕುಳಿತಿದ್ದರು. ಕೆಳಗೆ ಕುರ್ಚಿಗಳಲ್ಲಿ ಬಡಾವಣೆಗಳ ಸಂಘದವರು, ಒಂದಿಬ್ಬರು ಪಶುವೈದ್ಯರು, ಒಂದು ಬಿಳಿ ಪೊಮೇರಿಯನ್ನನ್ನು ತೊಡೆಯ ಮೇಲಿಟ್ಟುಕೊಂಡ ಅಜ್ಜಿ. ವಿಜಯನಗರದ ನಿವಾಸಿಗಳ ಸಂಘದ ಕಾರ್ಯದರ್ಶಿ ಪುರುಷೋತ್ತಮ ಮೊದಲ ಸಾಲಿನಲ್ಲಿ ಫೈಲು ಹಿಡಿದಿದ್ದರು. ಅವರ ಮನೆಯ ಹಿಂಗೋಡೆಗೂ ಹೊಸಹಳ್ಳಿಗೂ ಒಂದು ಮೋರಿ ಮಾತ್ರ ಅಡ್ಡ. ಅವರ ಭಯವೂ ಪೂರ್ತಿ ಸುಳ್ಳಲ್ಲ. ಹಿಂದಿನ ವರ್ಷ ಟ್ಯೂಷನ್ನಿನಿಂದ ಬರುತ್ತಿದ್ದ ಅವರ ಮಗಳನ್ನು ಎಲ್ಲಿಂದಲೋ ಬಂದ ನಾಯಿ ಕಚ್ಚಿ, ಹುಡುಗಿ ಹೊಟ್ಟೆಗೆ ಹದಿನಾಲ್ಕು ಇಂಜೆಕ್ಷನ್ ತೆಗೆದುಕೊಂಡಿದ್ದಳು. ಅದು ಕೆಂಪಿಯಲ್ಲ. ಆದರೆ ಕಚ್ಚಿದ ನಾಯಿ ಹೋದ ದಾರಿಯಲ್ಲಿ ಸಿಕ್ಕಿದ ನಾಯಿಗೆಲ್ಲ ಏಟು ಎನ್ನುವುದು ಲೋಕಾರೂಢಿ.

ಸತ್ಯವತಿ ತಮ್ಮ ಸರದಿ ಬಂದಾಗ ನಾಲ್ಕು ಮಾತು ಹೇಳಿ, “ಇವರ ಮಾತನ್ನೂ ಕೇಳಿ” ಎಂದು ಅಂಜನಮ್ಮನನ್ನು ಮುಂದಕ್ಕೆ ತಂದರು. ಕುಕ್ಕೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಅವಳು ಸಮಿತಿಯ ಮೇಜಿನ ಮೇಲೆಯೇ ಇಟ್ಟುಬಿಟ್ಟಳು.

ಅಧ್ಯಕ್ಷರು ನರೆಗೂದಲಿನ, ಸಮಾಧಾನದ ಮನುಷ್ಯ. “ಹೇಳಿ ಅಮ್ಮ, ನೀವು ನಾಯಿ ಸಾಕಿದೀರಾ?”

“ಇಲ್ಲ ಸಾಮಿ.”

ಹಿಂದಿನ ಸಾಲಿನಲ್ಲಿ ನಗು ಎದ್ದಿತು. “ಮತ್ತೆ ಇಲ್ಲಿಗೆ ಯಾಕೆ ಬಂದ್ರಿ?”

“ನಮ್ಮ ಬೀದೀಲಿ ಕೆಂಪಿ ಅಂತ ಒಂದೈತೆ. ಅದಕ್ಕೆ ಮಾತು ಬರಲ್ಲ, ಅದಕ್ಕೇ ನಾನು ಬಂದೆ.”

“ಅದಕ್ಕೆ ಅನ್ನ ಹಾಕೋರು ಯಾರು?”

“ನಾನೂ ಹಾಕ್ತೀನಿ, ಎಲ್ರೂ ಹಾಕ್ತಾರೆ.”

“ಹಾಗಾದ್ರೆ ನಿಮ್ಮ ಹೆಸರಲ್ಲೇ ಲೈಸೆನ್ಸ್ ತಗೊಳ್ಳಿ. ಕಷ್ಟವೇ ಇಲ್ಲವಲ್ಲ!”

“ಕಷ್ಟ ಐತೆ ಸಾಮಿ,” ಎಂದಳು ಅಂಜನಮ್ಮ. “ನಾವು ಮೈಲಾರಲಿಂಗನ ಒಕ್ಕಲು. ನನ್ನ ಗಂಡ ಗೊರವಯ್ಯ. ಸಾಮಿ ಮುಂದೆ ಮಂಡಿ ಊರಿ ಬೊಗಳಿ ದೋಣೀಲಿ ಉಂಡವನು. ಅಂದ್ರೆ ದೇವ್ರ ಮುಂದೆ ನಾವೇ ನಾಯಿಗಳು. ನೀವೇ ಹೇಳಿ, ನಾಯಿ ಇನ್ನೊಂದು ನಾಯೀನ ನಂದು ಅನ್ನಕ್ಕಾಯ್ತದಾ?”

ಈ ಸಲ ನಗು ಇಡೀ ಮಂಟಪಕ್ಕೆ ಹರಡಿತು. ಪೊಮೇರಿಯನ್ ಕೂಡ ಒಂದು ಸಲ ವೌ ಎಂದಿತು. ಪುರುಷೋತ್ತಮ ಎದ್ದು ನಿಂತರು.

“ಸಾರ್, ಇದೆಲ್ಲ ಮೂಢನಂಬಿಕೆ. ಪ್ರೀತಿ ಅನ್ನೋದು ಜವಾಬ್ದಾರಿ. ಮಾಲೀಕ ಅಂತ ಒಬ್ಬ ಇದ್ರೆ ಪ್ರಾಣಿಗೂ ಕ್ಷೇಮ, ಜನಕ್ಕೂ ಕ್ಷೇಮ. ನಾನೂ ನಾಯಿ ಸಾಕಿದೀನಿ. ಲೈಸೆನ್ಸ್ ಇದೆ, ಬಿಲ್ಲೆ ಇದೆ, ಇಂಜೆಕ್ಷನ್ ಆಗಿದೆ.”

“ಟೈಗರ್ರು,” ಎಂದಳು ಅಂಜನಮ್ಮ.

ಪುರುಷೋತ್ತಮ ತಬ್ಬಿಬ್ಬಾದರು.

“ಇವ್ರ ಮನೆ ಟೈಗರ್ರು ಸಾಮಿ. ದೊಡ್ಡ ಜಾತಿ ನಾಯಿ, ಒಳ್ಳೆ ಕರು ಇದ್ದಂಗೈತೆ. ತಾರಸಿ ಮೇಲೆ ಕಟ್ಟಿದಾರೆ. ನಾನು ಹನ್ನೆರಡು ಗಂಟೆ ಬಿಸಿಲಲ್ಲಿ ಆ ಬೀದೀಲಿ ಬರ್ತೀನಲ್ಲ, ಆವಾಗ ಅದು ಒಂದೊಂದೇ ಕಾಲು ಎತ್ತಿ ಎತ್ತಿ ಇಡ್ತಾ ಇರ್ತದೆ. ಕೆಳಗೆ ನೆಲ ಕೆಂಡ, ಎರಡು ಮೊಳ ಸರಪಳಿ, ನೆಳ್ಳು ಸರಪಳಿಗೆ ನಿಲುಕಲ್ಲ. ಇವ್ರು ಕೆಟ್ಟೋರು ಅಂತ ನಾನು ಹೇಳ್ತಿಲ್ಲ. ಅವ್ರು ಆಪೀಸಲ್ಲಿರ್ತಾರೆ, ಅವ್ರಿಗೆ ಗೊತ್ತಿಲ್ಲ. ಆದ್ರೆ ಮಾಲೀಕ ಇದ್ರೆ ಕ್ಷೇಮ ಅಂದ್ರಲ್ಲ, ಅದಕ್ಕೆ ಹೇಳ್ದೆ. ನಮ್ಮ ಕೆಂಪಿಗೆ ಮಾಲೀಕ ಇಲ್ಲ, ಬಿಸಿಲು ಹತ್ತಿದ್ರೆ ಮೋರಿ ಪಕ್ಕದ ಹೊಂಗೆ ಕೆಳಗೆ ಮಲಗ್ತದೆ.”

ನಗುತ್ತಿದ್ದವರು ನಗು ನಿಲ್ಲಿಸಿದರು. ಪುರುಷೋತ್ತಮರ ಮುಖ ಕೆಂಪಾಯಿತು. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, “ಸರಪಳಿ ಎಷ್ಟು ಉದ್ದ ಇದ್ರೆ ಸರಿ ಅಂತೀರಮ್ಮ?” ಎಂದು ಕೇಳಿದರು.

“ಉದ್ದ ಯಾಕೆ ಕೇಳ್ತೀರಿ? ನೆಳ್ಳಿಗೆ ಮುಟ್ಟಬೇಕು, ನೀರಿಗೆ ಮುಟ್ಟಬೇಕು. ಅಷ್ಟು ಬರ್ಕೊಳ್ಳಿ. ಆಮೇಲೆ ಸೂಜಿ ಹಾಕ್ತೀವಿ ಅಂದ್ರೆ ಹಾಕಿ. ಹುಚ್ಚುನಾಯಿ ಅಂದ್ರೆ ನಮಗೂ ಹೆದರಿಕೆಯೇ. ಕೆಂಪೀನ ನಾನೇ ಹಿಡ್ಕೊಂತೀನಿ, ನೀವು ಚುಚ್ಚಿ ಬಿಟ್ಟು ಹೋಗಿ. ಕೊಲ್ಲೋದು ಯಾಕೆ? ಮಾಲೀಕ ಇಲ್ಲ ಅನ್ನೋದು ಒಂದು ತಪ್ಪಾ ಸಾಮಿ?”

ಗುಮಾಸ್ತ ಬರೆದುಕೊಂಡ. ಅಧ್ಯಕ್ಷರು ಪರಿಶೀಲಿಸುತ್ತೇವೆ ಎಂದರು. ಸರ್ಕಾರದ ಬಾಯಲ್ಲಿ ಪರಿಶೀಲನೆ ಎಂದರೆ ಏನೆಂದು ಹೊಲ ಕಳೆದುಕೊಂಡವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಕುಕ್ಕೆ ಎತ್ತಿಕೊಂಡು ಹೊರಬಂದಳು.

ತಿಂಗಳ ಮೇಲೆ ಸತ್ಯವತಿ ಮತ್ತೆ ಪತ್ರಿಕೆ ಓದಿ ಹೇಳಿದರು. ಕಟ್ಟಿದ ನಾಯಿಗೆ ನೆರಳೂ ನೀರೂ ನಿಲುಕುವಂತಿರಬೇಕು ಎಂಬ ಒಂದು ಸಾಲು ಕರಡಿಗೆ ಸೇರಿತ್ತು. ಮಾಲೀಕನ ಸಾಲು ಇದ್ದ ಹಾಗೆಯೇ ಇತ್ತು. “ಟೈಗರ್ರಿಗಾದ್ರೂ ನೆಳ್ಳು ಸಿಕ್ತಲ್ಲ” ಎಂದಳು ಅಂಜನಮ್ಮ. ಅಂದದ್ದು ಅಷ್ಟೇ. ಸಮಿತಿಯವರು ಅವಳ ಮಾತಿನಲ್ಲಿ ಬೇಕಾದಷ್ಟನ್ನು ಉಂಡು, ಉಳಿದದ್ದನ್ನು ಎಂಜಲೆಲೆಯಂತೆ ಎಸೆದಿದ್ದರು.

ಸತ್ಯವತಿ ಸುಮ್ಮನಿರಲಾರದೆ ಒಂದು ಚರ್ಮದ ಪಟ್ಟಿ, ತುಂಬಿಸಿದ ಅರ್ಜಿ ತಂದು ಅಂಜನಮ್ಮನ ಜಗಲಿಯ ಮೇಲಿಟ್ಟು ಹೋದರು. ಸಹಿ ಮಾಡುವ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿದ್ದರು. ಆಗ ಕೆಂಪಿ ಮೂರು ಮರಿ ಹಾಕಿ, ಅದೇ ಜಗಲಿಯ ಚಪ್ಪಡಿ ಸಂದಿಯಲ್ಲಿ ಮಲಗಿತ್ತು. ಕಣ್ಣು ಬಿಡದ ಮರಿಗಳು ಮೊಲೆ ಹುಡುಕಿ ಕುಂಯ್‌ಗುಟ್ಟುತ್ತಿದ್ದವು. ಅಂಜನಮ್ಮ ಪಟ್ಟಿಯನ್ನು ಕೈಯಲ್ಲಿ ಹಿಡಿದು ಕೆಂಪಿಯ ಕೊರಳ ಬಳಿಗೆ ಒಯ್ದಳು. ಒಯ್ದದ್ದು ನಿಜ, ಅದನ್ನು ಮುಚ್ಚಿಡಬೇಕಾಗಿಲ್ಲ. ಮೂರು ಮರಿಗಳ ಮುಂದೆ ಎಂಥ ಕಟ್ಟಳೆಯೂ ಒಂದು ಗಳಿಗೆ ಅಲುಗುತ್ತದೆ. ಕೆಂಪಿ ಮುಖ ಎತ್ತಿ ಅವಳ ಕೈ ನೆಕ್ಕಿತು. ಅಂಜನಮ್ಮ ಪಟ್ಟಿಯನ್ನು ಹಿಂದಕ್ಕೆ ತೆಗೆದುಕೊಂಡು, ಮಾರನೆಯ ದಿನ ಸೊಪ್ಪಿನ ಜೊತೆ ಸತ್ಯವತಿಯವರಿಗೆ ವಾಪಸು ಕೊಟ್ಟಳು. “ನಿಮ್ಮ ಮನಸ್ಸು ದೊಡ್ಡದು ಕಣವ್ವ. ಆದ್ರೆ ಇವತ್ತು ನಾನು ನಂದು ಅಂದ್ರೆ, ನಾಳೆ ಯಾರ್ದೂ ಅಲ್ದೇ ಇರೋದನ್ನ ಕೊಲ್ಲಬೋದು ಅಂತ ನಾನೇ ಒಪ್ಕೊಂಡಂಗಾಯ್ತದೆ. ಬೂದನ್ನ ನಾನೇ ಎರಡನೇ ಸಲ ಕೊಟ್ಟಂಗೆ.”

ಸತ್ಯವತಿ ಅಂದು ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಅತ್ತರಂತೆ.

ಮಸೂದೆ ಇನ್ನೂ ಕಾನೂನಾಗಿರಲಿಲ್ಲ. ಆದರೆ ಕರಡಿನಲ್ಲಿದೆ ಎನ್ನುವುದೇ ಪುರುಷೋತ್ತಮರಿಗೆ ಸಾಕಾಯಿತು. ಮಂಟಪದಲ್ಲಿ ಆದ ಮುಖಭಂಗವೂ ಸೇರಿ, ಸಂಘದ ಲೆಟರ್‌ಹೆಡ್ಡಿನಲ್ಲಿ ಒಂದು ದೂರು ಹೋಯಿತು. ಒಂದು ಮಂಗಳವಾರ ಬೆಳಿಗ್ಗೆ ಎಂಟು ಗಂಟೆಗೆ ವ್ಯಾನು ಹೊಸಹಳ್ಳಿಗೆ ತಿರುಗಿತು. ಪಂಜರದಲ್ಲಿ ಆಗಲೇ ಎಂಟು ನಾಯಿಗಳಿದ್ದವು. ಇಳಿದವನು ಅದೇ ಮುನಿಯಪ್ಪ, ಕೂದಲು ಮಾತ್ರ ಬೆಳ್ಳಗಾಗಿತ್ತು. ಪುರುಷೋತ್ತಮರೂ ಸ್ಕೂಟರಿನಲ್ಲಿ ಹಿಂದೆಯೇ ಬಂದರು.

ಮರಿಗಳನ್ನು ಬಿಟ್ಟು ಓಡಲಾರದ ಕೆಂಪಿಯ ಕೊರಳಿಗೆ ಕುಣಿಕೆ ಸುಲಭವಾಗಿ ಬಿತ್ತು. ಅಂಜನಮ್ಮ ಕುಕ್ಕೆ ಹೊತ್ತು ಹೊರಡುವವಳಿದ್ದಳು. ಮುನಿಯಪ್ಪ ಅವಳನ್ನು ಕಂಡು ಕೋಲು ಸಡಿಲ ಬಿಟ್ಟ. ಅವನ ದನಿ ಹೆಚ್ಚುಕಡಿಮೆ ಬೇಡುವ ದನಿಯಾಗಿತ್ತು.

“ಅಮ್ಮಾ, ಈ ಸಲನಾದ್ರೂ ನಿಮ್ದು ಅಂದ್ಬಿಡಿ. ನಿಮ್ಮ ಕಾಲಿಗೆ ಬೀಳ್ತೀನಿ.”

ಚಪ್ಪಡಿ ಸಂದಿಯಲ್ಲಿ ಮರಿಗಳು ಕುಂಯ್ ಎಂದವು. ಅಂಜನಮ್ಮ ಕುಕ್ಕೆಯನ್ನು ಕೆಳಗಿಟ್ಟಳು.

“ನಂದಲ್ಲ,” ಎಂದಳು.

ಮುನಿಯಪ್ಪ ಕಣ್ಣು ಮುಚ್ಚಿಕೊಂಡ. ಎಷ್ಟಾದರೂ ಸಂಬಳದ ಮನುಷ್ಯ, ಕೆಂಪಿಯನ್ನು ಎತ್ತಿ ಪಂಜರಕ್ಕೆ ಹಾಕಿದ. ಬಾಗಿಲು ಹಾಕಲು ಹೋದಾಗ ಬಾಗಿಲಿಗೆ ಅಡ್ಡ ಒಂದು ಕಾಲು ಇತ್ತು. ಅಂಜನಮ್ಮ ಸೆರಗು ಸಿಕ್ಕಿಸಿ, ಕಂಬಿ ಹಿಡಿದು, ವ್ಯಾನಿನೊಳಕ್ಕೆ ಹತ್ತಿಬಿಟ್ಟಳು. ಎಂಟು ನಾಯಿಗಳು ಬೆಚ್ಚಿ ಮೂಲೆಗೆ ಸರಿದು ಅವಳಿಗೆ ಜಾಗ ಕೊಟ್ಟವು. ಕೆಂಪಿಯ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತಳು.

“ಏ, ಏನಿದು! ಇಳಿಯಮ್ಮ ಕೆಳಗೆ,” ಎಂದು ಪುರುಷೋತ್ತಮ ಕೂಗಿದರು.

“ಯಾಕಿಳೀಲಿ? ಮಾಲೀಕ ಇಲ್ದೋರನ್ನ ಹಿಡೀತೀವಿ ಅಂದ್ರಲ್ಲ. ನಂಗೆ ಯಾರವ್ರೆ? ಗಂಡ ಇಲ್ಲ, ಮಕ್ಕಳಿಲ್ಲ, ಹೊಲ ಇಲ್ಲ. ಲೈಸನ್ಸ್ ಇಲ್ಲ, ಕತ್ತಿಗೆ ಬಿಲ್ಲೆ ಇಲ್ಲ. ಬೀದೀಲಿ ತಿರುಗ್ತೀನಿ, ಸಿಕ್ಕಿದ್ದು ತಿಂತೀನಿ, ಒಂದೊಂದು ಸಲ ಕಚ್ಚಂಗೆ ಮಾತೂ ಆಡ್ತೀನಿ. ಬಾಗಿಲು ಹಾಕ್ಕೊಳಪ್ಪ ಮುನಿಯಪ್ಪ. ನಡಿ, ನನ್ನನ್ನೂ ಇಲೇವಾರಿ ಮಾಡು.”

ಡ್ರೈವರು ಇಳಿದು ಬಂದು ನೋಡಿದ. ಈ ಸಲ ಅವನಿಗೆ ನಗು ಬರಲಿಲ್ಲ. ಪುರುಷೋತ್ತಮ ಮಾತ್ರ ಬಿಡಲಿಲ್ಲ. “ನಾಟಕ ಸಾಕು. ನಿನ್ನದು ಅಂತ ಹೇಳಿ ಇಳಿದು ಹೋಗು, ನಾನೂ ಬೇಡ ಅನ್ನಲ್ಲ.” ಪಾಪ, ಅವರಿಗೂ ಆ ದೃಶ್ಯ ಸಹಿಸಲಾಗುತ್ತಿರಲಿಲ್ಲ.

ಅಷ್ಟರಲ್ಲಿ ಎದುರು ಮನೆಯ ಬಾಗಿಲು ತೆರೆಯಿತು. ಬೂದನ ದಿನ ಬಾಗಿಲು ಹಾಕಿಕೊಂಡಿದ್ದ ರಾಮಕ್ಕ ಒದ್ದೆ ಕೈಯಲ್ಲೇ ಓಡಿ ಬಂದಳು. “ನಂದು! ಕೆಂಪಿ ನಂದು ಸಾರ್! ನನ್ನ ಹೆಸ್ರು ಬರ್ಕೊಳ್ಳಿ!”

“ಸುಮ್ನಿರೇ ರಾಮಕ್ಕ,” ಪಂಜರದಿಂದ ಅಂಜನಮ್ಮ ಗದರಿದಳು. “ಸುಳ್ಳು ಹೇಳ್ಬ್ಯಾಡ. ಅದು ನಿಂದೂ ಅಲ್ಲ.”

ಬಿಡಿಸಲು ಬಂದವಳನ್ನೇ ಬೈಯುವ ಹೆಂಗಸನ್ನು ಏನು ಮಾಡುವುದು? ರಾಮಕ್ಕ ಸೆರಗಿನಿಂದ ಕೈ ಒರೆಸಿಕೊಂಡು ಅಲ್ಲೇ ನಿಂತಳು. ಅವಳ ಹಿಂದೆ ಮತ್ತೊಂದು ಬಾಗಿಲು ತೆರೆಯಿತು, ಮತ್ತೊಂದು. ಹೆಂಗಸರು ಬಂದು ವ್ಯಾನಿನ ಮುಂದೆ ನಿಂತರು. ಯಾರೂ ನನ್ನದು ಎನ್ನಲಿಲ್ಲ. ಯಾರೂ ಜಾಗವನ್ನೂ ಬಿಡಲಿಲ್ಲ.

ಮುನಿಯಪ್ಪ ಪಂಜರದ ಹತ್ತಿರ ಬಂದ. “ಅಮ್ಮಾ, ಮನುಷ್ಯರನ್ನ ಹಿಡ್ಕೊಂಡು ಹೋಗಕ್ಕೆ ನಮಗೆ ಹುಕುಂ ಇಲ್ಲಮ್ಮ.”

“ಯಾಕಿಲ್ಲ?”

“ಮನುಷ್ಯರಿಗೆ ಮಾಲೀಕರು ಬೇಕಾಗಿಲ್ಲ.”

“ಯಾಕೆ ಬೇಕಾಗಿಲ್ಲ?”

ಮುನಿಯಪ್ಪ ಖಾಕಿ ಜೇಬಿನಿಂದ ಆ ದಿನದ ವರದಿ ಪುಸ್ತಕ ತೆಗೆದ. ಹಿಡಿದ ನಾಯಿಯ ಬಣ್ಣ, ಬೀದಿ, ಮಾಲೀಕರ ಹೆಸರು, ಮುಂದಿನ ಕ್ರಮ ಎಂದು ನಾಲ್ಕು ಕಾಲಮ್ಮು. ವ್ಯಾನಿನ ಬದಿಗೆ ಪುಸ್ತಕ ಒತ್ತಿ ಹಿಡಿದು ನಿಧಾನವಾಗಿ, ಬಾಯಿಂದ ಹೇಳಿಕೊಳ್ಳುತ್ತ ಬರೆದ: “ಕೆಂಚು ಹೆಣ್ಣು. ಹೊಸಹಳ್ಳಿ. ಮಾಲೀಕರು ಯಾರೂ ಇಲ್ಲ. ಆದ್ದರಿಂದ ಬಿಡಲಾಗಿದೆ.”

“ಏನ್ರೀ ಬರೀತಿದೀರಿ? ಮೇಲಿನವರಿಗೆ ಹೇಳ್ತೀನಿ,” ಎಂದರು ಪುರುಷೋತ್ತಮ.

“ಹೇಳಿ ಸಾರ್. ಇನ್ನೆರಡು ವರ್ಷಕ್ಕೆ ನನಗೆ ರಿಟೈರ್‌ಮೆಂಟು,” ಎಂದ ಮುನಿಯಪ್ಪ. ಕೆಂಪಿಯ ಕೊರಳಿಂದ ಕುಣಿಕೆ ತೆಗೆದ. ಕೆಂಪಿ ಒಂದೇ ನೆಗೆತಕ್ಕೆ ಮರಿಗಳ ಬಳಿ ಇತ್ತು. ಹೆಂಗಸರು ಹೋ ಎಂದರು. ಮುನಿಯಪ್ಪ ಅಂಜನಮ್ಮನಿಗೆ ಇಳಿಯಲು ಕೈ ಚಾಚಿದ.

ಅಂಜನಮ್ಮ ಕದಲಲಿಲ್ಲ. ಮೂಲೆಯಲ್ಲಿ ಮುದುಡಿದ್ದ ಎಂಟು ನಾಯಿಗಳ ಕಡೆ ಗಲ್ಲ ತೋರಿಸಿದಳು.

“ಇವಕ್ಕೂ ಯಾರೂ ಇಲ್ಲ ಕಣಪ್ಪ. ಹಂಗೇ ಬರ್ಕೋ.”

ಮುನಿಯಪ್ಪ ಅವಳನ್ನು ನೋಡಿದ, ನಾಯಿಗಳನ್ನು ನೋಡಿದ, ಪುಸ್ತಕದ ಹಾಳೆ ತಿರುವಿದ. ಎಂಟು ಸಲ ಅದನ್ನೇ ಬರೆದ. ಎಂಟೂ ನಾಯಿಗಳು ಇಳಿದು, ಮೈ ಕೊಡವಿಕೊಂಡು, ಬಂದ ದಿಕ್ಕಿಗೆ ಓಡಿದ ಮೇಲೆ ಕೊನೆಯವಳಾಗಿ ಅಂಜನಮ್ಮ ಇಳಿದಳು.